ಗೋಡೆಯ ಮೇಲಿನ ದೇಶಗಳು

ನಮ್ಮ ಊರಿನ ವಾಚನಾಲಯದ ಗೋಡೆಯ ಮೇಲೆ ದಪ್ಪ ರಟ್ಟಿನ ಪಟ್ಟಿಯೊಂದು ನೇತಾಡುತ್ತಿತ್ತು. ಎಡಗಡೆ ಹದಿನಾಲ್ಕು ದೇಶಗಳ ಹೆಸರು. ಮೇಲೆ ಮಾತಿನ ಸ್ವಾತಂತ್ರ್ಯ, ಮತದ ಹಕ್ಕು, ಸಂಚಾರ, ಓದು, ಧರ್ಮ ಎಂಬ ಮನೆಗಳು. ಪ್ರತಿ ಮನೆಯಲ್ಲೂ ಹತ್ತಕ್ಕೆ ಇಷ್ಟೆಂದು ಅಂಕ. ಅದನ್ನು ಬರೆದವನು ನಾನೇ. ಆಗ ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು, ವಾಚನಾಲಯದ ಕಾರ್ಯದರ್ಶಿ. ಅಕ್ಷರ ದುಂಡಗಿದ್ದುದರಿಂದ ಊರಿನ ಬರವಣಿಗೆಯೆಲ್ಲ ನನ್ನ ತಲೆಗೇ ಬಿದ್ದಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಸದಸ್ಯರು ಸೇರಿ ದೇಶಗಳನ್ನು ತೂಗುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ದೇಶ. ವಾರವಿಡೀ ಪತ್ರಿಕೆ ಜಾಲಾಡಿ, ಅಲ್ಲಿನ ಜನಕ್ಕೆ ಯಾವ ಹಕ್ಕು ಸಿಕ್ಕಿತು, ಯಾವುದು ಹೋಯಿತು ಎಂದು ವರದಿ ಒಪ್ಪಿಸಬೇಕು. ಎಲ್ಲೋ ಒಬ್ಬ ಸಂಪಾದಕನನ್ನು ಜೈಲಿಗೆ ತಳ್ಳಿದರೆ ಇಲ್ಲಿ ಎರಡು ಅಂಕಕ್ಕೆ ಕತ್ತರಿ. ನಮ್ಮ ದೇಶಕ್ಕೆ ಮಾತ್ರ ಯಾವಾಗಲೂ ಎರಡನೇ ಸ್ಥಾನ. ಮೊದಲನೆಯದನ್ನು ಕೊಟ್ಟುಕೊಂಡರೆ ಜಂಭವಾದೀತು, ಮೂರನೆಯದಕ್ಕೆ ಇಳಿಸಿದರೆ ಅವಮಾನವಾದೀತು ಎಂಬುದು ಅಧ್ಯಕ್ಷರಾದ ನರಸಿಂಗರಾಯರ ತೀರ್ಮಾನ. ರಾಯರು ನಿವೃತ್ತ ಅಮಲ್ದಾರರು. ಅವರೆದುರು ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಮಾತಿನ ಸ್ವಾತಂತ್ರ್ಯದ ಮನೆಗೆ ಅಂಕ ಕೊಡುವಾಗಲೂ.

ನಾವು ಹೀಗೆ ಲೋಕವನ್ನು ತೂಗುವಾಗ ಪುಟ್ಟೀರಮ್ಮ ನೆಲ ಗುಡಿಸಿ, ಮೇಜು ಒರೆಸಿ, ಹೂಜಿಗೆ ನೀರು ತುಂಬಿಸುತ್ತಿದ್ದಳು. ಹನ್ನೆರಡು ವರ್ಷದಿಂದ ಅವಳಿಗೆ ಅದೇ ಕೆಲಸ. ಅವಳಿಗೆ ಓದು ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ ಎನ್ನುವುದೇ ಸರಿ. ರದ್ದಿಗೆ ಹಾಕಿದ ಹಾಳೆಗಳನ್ನು ಮನೆಗೊಯ್ದು, ಮಗಳಿಂದ ಅಕ್ಷರ ಹೇಳಿಸಿಕೊಂಡು, ಒಂದೊಂದೇ ಪದ ಕೂಡಿಸಿ ಕಲಿತಿದ್ದಳಂತೆ.

ಒಂದು ಭಾನುವಾರ ನಾವು ಒಳಗೆ ಬಂದಾಗ ಪುಟ್ಟೀರಮ್ಮ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಅಂದಿನ ಪತ್ರಿಕೆ ಓದುತ್ತಿದ್ದಳು. ಕೆಲಸವೆಲ್ಲ ಮುಗಿದಿತ್ತು, ಒರೆಸಿದ ನೆಲ ಇನ್ನೂ ಒದ್ದೆಯಿತ್ತು. ರಾಯರು ಏಳೆಂದರು. ಈ ಸುದ್ದಿ ಮುಗಿಸಿ ಏಳುತ್ತೇನೆಂದಳು. ದೂರದ ಯಾವುದೋ ದೇಶದಲ್ಲಿ ಗಿರಣಿಯ ಹೆಂಗಸರು ಕೂತು ಕೆಲಸ ಮಾಡಲು ಸ್ಟೂಲು ಬೇಕೆಂದು ಹಟಹಿಡಿದು ಗೆದ್ದಿದ್ದರು. ಅದನ್ನು ಕೊನೆಯ ಸಾಲಿನವರೆಗೂ ಓದಿ, ಪತ್ರಿಕೆ ಮಡಿಸಿ, ಆಮೇಲೆಯೇ ಎದ್ದಳು.

ರಾಯರ ಮುಖ ಕೆಂಪೇರಿತು. ಗುಡಿಸುವವಳು ಸದಸ್ಯರ ಕುರ್ಚಿಯಲ್ಲಿ ಕೂತರೆ ವಾಚನಾಲಯದ ಮರ್ಯಾದೆ ಏನಾಗಬೇಕು ಎಂದರು. ಅವಳು ಗೋಡೆಯತ್ತ ನೋಡಿದಳು.

"ಸ್ವಾಮಿ, ಆ ಪಟ್ಟೀಲಿ ನಮ್ ದೇಸಕ್ಕೆ ಓದಿನ ಮನೇಲಿ ಒಂಬತ್ತು ಹಾಕಿದೀರ. ಆ ಒಂಬತ್ತರಲ್ಲಿ ನಾನೂ ಸೇರಿವ್ನಾ?"

ಆ ಒಂಬತ್ತನ್ನು ಬರೆದವನು ನಾನು, ಆ ಪ್ರಶ್ನೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವಳನ್ನು ಕೆಲಸದಿಂದ ತೆಗೆದಿದೆಯೆಂದು ಪತ್ರ ಬರೆಯಲು ರಾಯರು ಹೇಳಿದರು, ನಾನು ಅದೇ ದುಂಡು ಅಕ್ಷರದಲ್ಲಿ ಬರೆದೆ. ನಾಚಿಕೆಗೇಡಿನ ಕೆಲಸ. ಪತ್ರ ತಲುಪಿದ್ದಕ್ಕೆ ಗುರುತು ಬೇಕಲ್ಲ, ರೂಢಿಯಂತೆ ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ ನನ್ನ ಪೆನ್ನಿಗೆ ಕೈಚಾಚಿದಳು. ನಿಧಾನವಾಗಿ, ಒತ್ತಿ ಒತ್ತಿ ತನ್ನ ಹೆಸರು ಬರೆದಳು. ಪೆನ್ನು ಹಿಂದಿರುಗಿಸಲಿಲ್ಲ.

"ಈಗ ನಾನು ಕೆಲಸದೋಳಲ್ಲ ತಾನೆ? ಮೇಷ್ಟ್ರೇ, ಸದಸ್ಯರಾಗೋ ಕಾಗದ ಕೊಡಿ."

ಅಲ್ಲಿ ನಾವು ಸಿಕ್ಕಿಬಿದ್ದೆವು. ವಾಚನಾಲಯದ ನಿಯಮಾವಳಿಯನ್ನು ರಾಯರು ಹೊರದೇಶದ ಯಾವುದೋ ದೊಡ್ಡ ಗ್ರಂಥಾಲಯದ ಪುಸ್ತಿಕೆಯಿಂದ ಇಳಿಸಿಕೊಂಡಿದ್ದರು, ನೋಡಿದವರು ಭೇಷ್ ಎನ್ನಲೆಂದು. ಓದಬಲ್ಲ, ತನ್ನ ಹೆಸರು ಬರೆಯಬಲ್ಲ ಊರಿನ ಯಾವುದೇ ವಯಸ್ಕ ವ್ಯಕ್ತಿ ಸದಸ್ಯತ್ವ ಪಡೆಯಬಹುದು, ನಿರಾಕರಿಸಲು ಯಾರಿಗೂ ಅಧಿಕಾರವಿಲ್ಲ ಎಂದಿತ್ತು. ವಾಚನಾಲಯದ ಸಂಬಳಕ್ಕಿರುವವರು ಮಾತ್ರ ಸದಸ್ಯರಾಗುವಂತಿರಲಿಲ್ಲ. ಆ ಒಂದೇ ಅಡ್ಡಿಯನ್ನು ಈಗಷ್ಟೇ ನಾವೇ ತೆಗೆದುಹಾಕಿದ್ದೆವು. ಚೌಕಟ್ಟು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದ ಆ ನಿಯಮಗಳ ಗಾಜನ್ನು ಹನ್ನೆರಡು ವರ್ಷ ಒರೆಸಿದವಳು ಪುಟ್ಟೀರಮ್ಮ.

ನಿಯಮವನ್ನು ಈಗಲೇ ತಿದ್ದಬೇಕೆಂದು ರಾಯರು ಗುಡುಗಿದರು. ತಿದ್ದಲು ಕಾರ್ಯದರ್ಶಿಯ ಸಹಿ ಬೇಕಿತ್ತು. ಅದೆಲ್ಲಿಂದ ಧೈರ್ಯ ಬಂತೋ, ಮಾಡುವುದಿಲ್ಲ ಎಂದುಬಿಟ್ಟೆ. ಸದಸ್ಯತ್ವದ ಕಾಗದ ತೆಗೆದು ಅವಳ ಮುಂದಿಟ್ಟೆ. ಸಹಿ ಹಾಕುತ್ತೇನೆಂದರೂ ಪೆನ್ನು ಅವಳ ಕೈಯಲ್ಲಿತ್ತು.

ಮುಂದಿನ ಭಾನುವಾರ ಗುಡಿಸುವವರಿರಲಿಲ್ಲ. ಧೂಳಿನ ಮೇಲೆ ಹೆಜ್ಜೆಗುರುತು ಬಿಡುತ್ತ ಪುಟ್ಟೀರಮ್ಮ ನೇರವಾಗಿ ಬಂದು ಕೂತಳು. ಬೇರೆ ಕೆಲಸ ಅವಳಿಗಿನ್ನೂ ಸಿಕ್ಕಿರಲಿಲ್ಲವೆಂದು ನನಗೆ ಗೊತ್ತಿತ್ತು. ರಾಯರು ಬರಲೇ ಇಲ್ಲ. ಉಳಿದವರು ಕಿಟಕಿಯ ಬಳಿ ಗುಂಪಾಗಿ ನಿಂತಿದ್ದರು. ನಾನು ಹೋಗಿ ಅವಳೆದುರಿನ ಕುರ್ಚಿ ಎಳೆದುಕೊಂಡೆ. ಅವಳು ತಲೆಯೆತ್ತಲಿಲ್ಲ. ಬೆರಳಿನಿಂದ ಸಾಲು ಹಿಡಿದು ಓದುತ್ತಿದ್ದ ಹಾಳೆ ಮುಗಿದ ಮೇಲೆ, ಸದಸ್ಯರೆಲ್ಲ ಮಾಡುವಂತೆ ಅದನ್ನು ಪತ್ರಿಕೆಯಿಂದ ಬಿಡಿಸಿ, ಮೇಜಿನ ಮೇಲೆ ನನ್ನತ್ತ ಸರಿಸಿದಳು.