ದಾಕ್ಷಾಯಣಿಯ ಹೆಬ್ಬೆರಳು

ಪಿಸ್ತೂಲಿನ ಗುಂಡೊಂದು ಉರುಳುತ್ತ ಬಂದು ನನ್ನ ಹೊಲಿಗೆ ಯಂತ್ರದ ಪೆಡಲಿಗೆ ತಾಗಿ ನಿಂತಿತು. ಆ ವಾರ ಹೀಗೆ ಉರುಳಿ ಬಂದದ್ದು ಅದೇ ಮೊದಲಲ್ಲ. ಎತ್ತಿಕೊಟ್ಟೆ. ನನ್ನ ಹೆಂಡತಿ ದಾಕ್ಷಾಯಣಿ ಮುಖ ನೋಡದೆ ಈಸಿಕೊಂಡಳು.

"ಶೀತಕ್ಕೆ ಬೆರಳು ಹೀಗಾಗಿದೆ, ಅಷ್ಟೇ," ಎಂದಳು. ಆಗ ನಡುಬೇಸಿಗೆ.

ಅವಳು ಪೊಲೀಸಿನವಳು. ನಮ್ಮೂರಿನ ಮಹಿಳಾ ನ್ಯಾಯಾಧೀಶರೊಬ್ಬರ ಅಂಗರಕ್ಷಕಿ. ಸೊಂಟದಲ್ಲೊಂದು ಪುಟ್ಟ ಪಿಸ್ತೂಲು. ನಾನು ದರ್ಜಿ. ಕತ್ತರಿ ಹಿಡಿಯುವವನು ಗಂಡ, ಪಿಸ್ತೂಲು ಹಿಡಿಯುವವಳು ಹೆಂಡತಿ ಎಂದು ಬೀದಿಯವರು ನಗುತ್ತಿದ್ದರು. ನನಗದು ಹೆಮ್ಮೆಯೇ ಆಗಿತ್ತು. ಪಿಸ್ತೂಲಿನ ಹಿಡಿಯೊಳಗೆ ಕೂರುವ ಮ್ಯಾಗಜಿನ್ ಎಂಬ ಕಿರಿದಾದ ಡಬ್ಬಿಗೆ ಒಂದೊಂದೇ ಗುಂಡನ್ನು ಹೆಬ್ಬೆರಳಿನಿಂದ ಅದುಮಿ ತುಂಬಬೇಕು. ಒಳಗಿನ ಸ್ಪ್ರಿಂಗು ಕೊನೆಕೊನೆಗೆ ಹಟ ಹಿಡಿಯುತ್ತದೆ. ಅವಳ ಹೆಬ್ಬೆರಳು ಈಚೆಗೆ ಅದಕ್ಕೆ ಸೋಲುತ್ತಿತ್ತು. ವರ್ಷದ ಗುರಿಪರೀಕ್ಷೆ ಹತ್ತಿರ ಬಂದಿತ್ತು. ಅದರಲ್ಲಿ ತಪ್ಪಿದರೆ ಈ ಕೆಲಸ ಹೋಗಿ ಠಾಣೆಯ ಮೂಲೆಯಲ್ಲಿ ಕೂರಬೇಕು. ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

ಅವಳಿಗೆ ಹೇಳದೆ ಕೋವಿ ಅಂಗಡಿಗೆ ಹೋದೆ. ಮಾಲೀಕರಾದ ಮೊಣ್ಣಪ್ಪನವರು ಗುಂಡು ತುಂಬುವ ಸಾಧನಗಳನ್ನು ಗಾಜಿನ ಮೇಲೆ ಹರಡಿದರು.

"ಈ ದೊಡ್ಡದು ಬಹಳ ಸಲೀಸು. ಆದ್ರೆ ನಿಮ್ಮನೆಯವರದು ಚಿಕ್ಕ ಪಿಸ್ತೂಲು ಅಲ್ವಾ? ಮ್ಯಾಗಜಿನ್ ಅಗಲ ಗೊತ್ತಾ?"

ಅವಳು ಸ್ನಾನಕ್ಕೆ ಹೋದಾಗ ಟೇಪು ಹಿಡಿದು ಅಳತೆ ತೆಗೆದಿದ್ದೆ. ಜಂಬದಿಂದಲೇ ಹೇಳಿದೆ. "ಸಡಿಲಕ್ಕೆ ಅಂತ ಒಂಚೂರು ಸೇರಿಸಿದ್ದೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ರವಿಕೆ ಅಲ್ಲ ಮಾರಾಯ್ರೇ! ಸಡಿಲ ಬಿಟ್ರೆ ಗುಂಡು ಹಾರಿ ಮೂಗಿಗೆ ಬೀಳುತ್ತೆ."

ಕೊನೆಗೆ ಮ್ಯಾಗಜಿನ್ನಿನ ಬಾಯಿಗೆ ಟೋಪಿಯಂತೆ ಕೂರುವ ಒಂದನ್ನು ಆರಿಸಿದೆವು. ಹೆಬ್ಬೆರಳಿನ ಹಂಗಿಲ್ಲ, ಅಂಗೈಯಿಂದ ಒತ್ತಿದರೆ ಸಾಕು. ಜೇಬಿನಲ್ಲಿ ಹಿಡಿಯುತ್ತದೆ. ಪರೀಕ್ಷೆಗೆ ಒಯ್ಯಬಹುದೇ ಎಂದು ಕೇಳಿದೆ. ತುಂಬೋದಕ್ಕೆ ತಾನೆ, ಯಾರೂ ಬೇಡ ಅನ್ನಲ್ಲ ಎಂದರು.

ಮನೆಯಲ್ಲಿ ಅವಳು ಮೊದಲು ರೇಗಿದಳು. ಆಮೇಲೆ ಒತ್ತಿ ನೋಡಿದಳು. ಒಂದೂ ಗುಂಡು ನೆಲಕ್ಕೆ ಉರುಳಲಿಲ್ಲ. ಡಬ್ಬಿ ತುಂಬಿದಾಗ ಅವಳು ನಕ್ಕ ನಗು ಎಷ್ಟೋ ತಿಂಗಳಿಂದ ನಾನು ಕೇಳಿರದ ನಗು. ಕುಣಿಯುತ್ತಲೇ ಅಡುಗೆಮನೆಗೆ ಹೋಗಿ ಕೇಸರಿಬಾತ್ ಮಾಡಿದೆ.

ತಟ್ಟೆ ಹಿಡಿದು ಬರುವಷ್ಟರಲ್ಲಿ ಅವಳು ಗುಂಡುಗಳನ್ನೆಲ್ಲ ತೆಗೆದಿಟ್ಟು, ಖಾಲಿ ಪಿಸ್ತೂಲನ್ನು ಗೋಡೆಗೆ ಗುರಿ ಹಿಡಿದು ಅದರ ಕುದುರೆಯನ್ನು, ಅಂದರೆ ಟ್ರಿಗರನ್ನು, ಎಳೆಯುತ್ತಿದ್ದಳು. ತೋರುಬೆರಳು ಎಳೆಯಿತು, ಕುದುರೆ ಕದಲಲಿಲ್ಲ. ಇನ್ನೊಂದು ಬೆರಳನ್ನೂ ಸೇರಿಸಿದಳು. ತೋಳೆಲ್ಲ ನಡುಗಿತು. ಎಡಗೈಯನ್ನು ತಂದಳು. ಅದೂ ಸೋತಿತು.

"ರೀ," ಎಂದಳು ಮೆಲ್ಲಗೆ. "ಇದನ್ನ ಎಳೆಯೋಕೂ ಏನಾದ್ರೂ ಸಿಗುತ್ತಾ ಆ ಅಂಗಡೀಲಿ?"

ನಗಿಸಲೆಂದೇ ಹೇಳಿದ್ದಳು. ನನಗೆ ಅಳು ಬಂತು.

"ಎಳೆದು ನೋಡೋಕೆ ಭಯ ಆಗ್ತಿತ್ತು," ಎಂದಳು. "ಹೆಬ್ಬೆರಳು ಒಂದು ಸರಿಹೋದ್ರೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡಿದ್ದೆ."

"ಸುಮ್ಮನಿರು, ಪರೀಕ್ಷೆ ತನಕ ಯಾರಿಗೂ ಹೇಳಬೇಡ," ಎಂದೆ. "ಇಷ್ಟು ವರ್ಷದಲ್ಲಿ ಗುಂಡು ಹಾರಿಸೋ ಪ್ರಸಂಗ ಒಂದಾದ್ರೂ ಬಂದಿದೆಯಾ?"

"ನಾಳೆ ಬರಲ್ಲ ಅಂತ ನೀವು ಬರೆದುಕೊಡ್ತೀರಾ? ಆ ಜಡ್ಜಮ್ಮ ನನ್ನ ನಂಬಿ ಹಿಂದೆ ತಿರುಗಿ ನೋಡದೆ ನಡೀತಾರೆ."

ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ ಪಿಸ್ತೂಲನ್ನು ಅವಳೇ ಒಪ್ಪಿಸಿ ಬಂದಳು. ನರಗಳ ಕಾಯಿಲೆ, ಮದ್ದಿಲ್ಲದ್ದು ಎಂದು ವೈದ್ಯರು ಹೇಳಿದ್ದು ಆಮೇಲಿನ ಮಾತು. ಆ ಹೊತ್ತಿಗೆ ನಮಗೆ ಅದರ ಹೆಸರೂ ಗೊತ್ತಿರಲಿಲ್ಲ.

ಮಧ್ಯಾಹ್ನ ಮುಖ ತೊಳೆದು ಊಟಕ್ಕೆ ಕೂತಳು. ಅನ್ನ ಬಡಿಸಿ ಸಾರು ಹಾಕಿದೆ. ಅವಳು ತಟ್ಟೆಗೆ ಕೈ ಹಚ್ಚಲಿಲ್ಲ.

"ಬೀದಿ ಬಾಗಿಲು ಹಾಕ್ಕೊಂಡು ಬನ್ನಿ," ಎಂದಳು. "ಆಮೇಲೆ ಕಲಸಿಕೊಡಿ."

ಚಿಲಕ ಹಾಕಿ ಬಂದೆ. ಹೊರಗೆ ಯಾರೋ ಬಟ್ಟೆ ಕೇಳಿಕೊಂಡು ಬಂದು ಬಾಗಿಲು ಬಡಿಯತೊಡಗಿದರು. ನಾನು ಕಲಸಿ ಎತ್ತಿದ ಮೊದಲ ತುತ್ತು ಅವಳ ಬಾಯಿಯ ಹತ್ತಿರ ಹೋದಾಗ ಅವಳು ಕಣ್ಣು ಮುಚ್ಚಿಕೊಂಡಳು. ಬಾಗಿಲ ಸದ್ದು ನಿಂತು ಹೆಜ್ಜೆಗಳು ದೂರವಾಗುವವರೆಗೂ ಕಾದು, ಬಾಯಿ ತೆರೆದಳು.