ಎಲ್ಲ ಸೈಟಿಗೂ ಬ್ಲಾಕ್

ಕಂಪ್ಯೂಟರ್ ರಿಪೇರಿ ಮಾಡುವವಳ ಮನೆಯ ಕಂಪ್ಯೂಟರ್ ಹೇಗಿರುತ್ತದೆ ಎಂದು ಮಾತ್ರ ಕೇಳಬೇಡಿ. ಕಂಡವರ ಮನೆಯಲ್ಲಿ ಕೂತು ಪಾಪ್-ಅಪ್ ಜಾಹೀರಾತು ಓಡಿಸುವುದೇ ನನಗೆ ದಿನವಿಡೀ ಕೆಲಸ. ಬ್ಯಾಗು ಹೆಗಲಿಗೇರಿಸಿ ನಾಲ್ಕನೇ ಮಹಡಿ ಹತ್ತು, ಧೂಳು ಒರೆಸು, "ಇದನ್ನೆಲ್ಲ ಯಾರು ಒತ್ತಿದ್ದು?" ಎಂದು ಕೇಳು, "ನಾವಂತೂ ಮುಟ್ಟೇ ಇಲ್ಲ" ಎಂದು ಹೇಳಿಸಿಕೋ. ಸಂಜೆ ಬಂದರೆ ನಮ್ಮ ಪರದೆಯ ಮೇಲೂ ಮೊಬೈಲ್ ಗೆದ್ದಿದ್ದೀರಿ, ಹೊಟ್ಟೆ ಕರಗಿಸಿ, ಬೋಳುತಲೆಗೆ ಎಣ್ಣೆ ಹಚ್ಚಿ ಎಂದು ಒಂದರ ಮೇಲೊಂದು ಬಂದು ಕೂರುತ್ತಿದ್ದವು. ಅದನ್ನು ಸರಿಮಾಡುವಷ್ಟು ಜೀವ ನನ್ನಲ್ಲಿ ಉಳಿದಿರುತ್ತಿರಲಿಲ್ಲ.

ಕಳೆದ ಭಾನುವಾರ ಆರು ವರ್ಷದ ಮಗಳು ಅದರಲ್ಲಿ ಚಿತ್ರ ಬಿಡಿಸುತ್ತಿದ್ದಾಗ ಒಂದು ಜಾಹೀರಾತು ಕಿರುಚಿಕೊಂಡು ಮೇಲೆದ್ದಿತು. ಮಗು ಬೆಚ್ಚಿಬಿದ್ದು ಅತ್ತಿತು. ನನಗೆ ಪಿತ್ತ ನೆತ್ತಿಗೇರಿತು. ಕೂತ ಪಟ್ಟಿಗೆ ಎಲ್ಲ ಸೈಟಿಗೂ ಪಾಪ್-ಅಪ್ ಬ್ಲಾಕ್ ಮಾಡಿ ಎದ್ದೆ.

"ಇನ್ನು ಒಂದು ನೊಣಾನೂ ಒಳಗೆ ಬರಲ್ಲ" ಎಂದೆ.

"ನೀನು ಬಿಡು, ಇದ್ರಲ್ಲಿ ಎತ್ತಿದ ಕೈ" ಎಂದು ಗಂಡ ನಕ್ಕರು.

ಇವರು ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ಬಸ್ಸು ಹಿಡಿಯಬೇಕು. ಮಗಳು ಏಳುವ ಮೊದಲೇ ಹೊರಡುತ್ತಾರೆ, ಮಲಗಿದ ಮೇಲೆ ಬರುತ್ತಾರೆ. ಅವಳಿಗೆ ಅಪ್ಪ ಎಂದರೆ ಭಾನುವಾರ ಮಾತ್ರ. ವರ್ಗಾವಣೆ ಎರಡು ವರ್ಷಕ್ಕೊಮ್ಮೆ. ಈ ಸಲ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಿತ್ತು, ಪಟ್ಟಿಯಲ್ಲಿ ಇವರ ಹೆಸರೇ ಮೊದಲು. ಬುಧವಾರ ಹನ್ನೊಂದರಿಂದ ಹನ್ನೊಂದೂವರೆಯೊಳಗೆ ಕಂಪ್ಯೂಟರಿನಲ್ಲಿ ಜಾಗ ಆರಿಸಿ ಒಪ್ಪಿಗೆ ಒತ್ತಬೇಕು. ತಪ್ಪಿದರೆ ಮುಂದಿನವರಿಗೆ. ಇವರು ರಜೆ ಹಾಕಿ ಹತ್ತೂವರೆಗೇ ಕೂತಿದ್ದರಂತೆ. ಶಾಲೆಗೆ ರಜೆಯಿದ್ದ ಮಗಳು ಪಕ್ಕದಲ್ಲಿ.

ಹನ್ನೊಂದೂಕಾಲಿಗೆ ಫೋನ್ ಬಂತು. ನಾನೊಬ್ಬ ದರ್ಜಿಯ ಮನೆಯಲ್ಲಿ ಮೇಜಿನಡಿ ತೂರಿ ವೈರು ಎಳೆಯುತ್ತಿದ್ದೆ.

"ಒಪ್ಪಿಗೆ ಒತ್ತಿದ್ರೆ ಹೊಸ ಪುಟ ತೆರೆಯತ್ತೆ ಅಂತ ಬರೆದಿದೆ ಕಣೇ. ಏನೂ ಬರ್ತಿಲ್ಲ."

"ಸರಿಯಾಗಿ ಒತ್ರೀ."

"ಮೂರು ಸಲ ಒತ್ತಿದೆ."

"ಅಯ್ಯೋ ದೇವ್ರೇ! ಒಂದು ಬಟನ್ ಒತ್ತೋಕೂ ನಾನೇ ಬರ್ಬೇಕಾ? ಒಂದು ಕೆಲ್ಸ ನೆಟ್ಟಗೆ ಆಗಲ್ಲ ನಿಮ್ಮ ಕೈಲಿ. ಅವರ ಕಡೆ ನಿಧಾನ ಇರತ್ತೆ, ಸುಮ್ನೆ ಕಾಯಿರಿ" ಎಂದು ಫೋನ್ ಇಟ್ಟೆ. ದರ್ಜಿ ನಕ್ಕ. ನಾನೂ ನಕ್ಕೆ.

ಇವರು ನಾನು ಹೇಳಿದಂತೆ ಕಾದರು. ಹನ್ನೊಂದೂವರೆ ಕಳೆದುಹೋಯಿತು.

ಸಂಜೆ ಮನೆಗೆ ಬಂದಾಗ ಟೀ ಮಾಡಿಟ್ಟಿದ್ದರು. "ನನ್ನಿಂದ್ಲೇ ಹಾಳಾಯ್ತು. ಎಲ್ಲೋ ತಪ್ಪು ಒತ್ತಿದೀನಿ" ಎಂದರು. ನೋಡೋಣ ಎಂದು ಕಂಪ್ಯೂಟರ್ ಮುಂದೆ ಕೂತೆ. ಪುಟ ಹಾಗೇ ತೆರೆದಿತ್ತು. ಮೇಲೆ, ವಿಳಾಸದ ಸಾಲಿನ ಕೊನೆಯಲ್ಲಿ, ಉಗುರಿಗಿಂತ ಚಿಕ್ಕದೊಂದು ಗುರುತು. ಒತ್ತಿದೆ. ಪಾಪ್-ಅಪ್ ತಡೆಯಲಾಗಿದೆ ಎಂದಿತ್ತು. ಭಾನುವಾರ ನಾನೇ ಹಾಕಿದ ಬ್ಲಾಕ್.

ಗಿರಾಕಿಗಳ ಮನೆಯಲ್ಲಿ ಬ್ಲಾಕ್ ಹಾಕುವ ಮೊದಲು ತಪ್ಪದೆ ಕೇಳುತ್ತೇನೆ: ಬ್ಯಾಂಕು, ಆಫೀಸು, ಪರೀಕ್ಷೆ, ಏನಾದರೂ ಇದರಲ್ಲಿ ಮಾಡ್ತೀರಾ? ಅಂಥ ಸೈಟುಗಳನ್ನು ಬಿಟ್ಟು ಉಳಿದವಕ್ಕೆ ಬೀಗ. ಮನೆಯಲ್ಲಿ ಮಾತ್ರ ಯಾರನ್ನೂ ಕೇಳಿರಲಿಲ್ಲ. ಈಗ ಪುಟ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯದು. ನಿಜ ಹೇಳುತ್ತೇನೆ, ಮೌಸ್ ಅಲ್ಲಿಗೆ ಹೋಗಿಯೂ ಇತ್ತು.

"ಅಪ್ಪಂಗೆ ಕಂಪ್ಯೂಟರ್ ಬರಲ್ಲ ಅಲ್ವಾ ಅಮ್ಮಾ?" ಎಂದಳು ಮಗಳು.

"ಹೂಂ ಪುಟ್ಟೀ, ಅಪ್ಪ ದಡ್ಡ" ಎಂದರು ಇವರು.

ತಡೆಯಲಾಗಲಿಲ್ಲ. "ಇಲ್ಲ ರೀ, ತಪ್ಪು ನಂದು. ಭಾನುವಾರ ತಾನಾಗಿ ತೆರೆಯೋ ಪುಟಕ್ಕೆಲ್ಲ ಬ್ಲಾಕ್ ಹಾಕಿದ್ನಲ್ಲ, ನಿಮ್ಮ ಪುಟಾನೂ ಅದೇ ತಡೆದಿದೆ. ನೋಡಿ ಇಲ್ಲಿ."

ಬಗ್ಗಿ ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಾದ್ರೆ ನಾನು ಒತ್ತಿದ್ದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು. ಮೂರು ಸಲಾನೂ."

ಮುಖ ಅರಳಿಬಿಟ್ಟಿತು. ಕೈತಪ್ಪಿದ ಜಾಗದ ಮಾತೇ ಇಲ್ಲ. "ಕೇಳಿಸ್ಕೊಂಡ್ಯಾ ಪುಟ್ಟೀ? ಅಪ್ಪಂದೇನೂ ತಪ್ಪಿಲ್ವಂತೆ!" ಎಂದು ಮಗಳನ್ನು ಎತ್ತಿಕೊಂಡರು. ಇನ್ನೆರಡು ವರ್ಷ ಬಸ್ಸಿನಲ್ಲಿ ಸವೆಯಬೇಕಾದವರು, ತಾನು ದಡ್ಡನಲ್ಲ ಎಂದಷ್ಟಕ್ಕೇ ಇಷ್ಟು ಖುಷಿಪಡುತ್ತಿದ್ದರು. ಇಷ್ಟು ವರ್ಷ ಇವರಿಗೆ ನಾನು ಏನೇನು ಅನ್ನುತ್ತ ಬಂದಿದ್ದೇನೆ ಎಂದು ಒಂದೊಂದಾಗಿ ನೆನಪಾಯಿತು. ಅಲ್ಲೇ ಅತ್ತುಬಿಟ್ಟೆ.

"ಅಮ್ಮ ಯಾಕೆ ಅಳ್ತಿದಾಳೆ?"

"ಸುಸ್ತಾಗಿದೆ ಅವಳಿಗೆ. ಬೆಳಗ್ಗಿಂದ ದುಡಿದು ಬಂದಿದಾಳೆ, ನೀನು ಸುಮ್ನಿರು" ಎಂದು ಇವರು ನನ್ನ ಪರ ವಹಿಸಿದರು.