ಅರ್ಧ ಕುದುರೆ

ಬಾರ್ಲಿ ಕೊಯ್ಲು ಮುಗಿದ ಮೇಲೆ ಕೂರಿಗೆ ಇಳಿಯುವ ತನಕ ಹೊಲ ಬರಿದಾಗಿರುವ ಕೆಲವು ದಿನಗಳಿವೆಯಲ್ಲ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಯಂತ್ರ ಹಿಡಿದು ನೆಲದೊಳಗಿನ ಹಳೇ ಲೋಹ ಹುಡುಕುವವರಿಗೆ ಅದೇ ಸುಗ್ಗಿ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಥೆಲ್ಮಾ ಕ್ಯಾಚ್‌ಪೋಲ್ ಬೇಸಗೆಯುದ್ದಕ್ಕೂ ಈ ಹೊಲದ ಬಾರ್ಲಿ ಹಣ್ಣಾಗುವುದನ್ನೇ ಕಾದಿದ್ದಳು. ನಾಳೆ ಕೂರಿಗೆ ಬರುತ್ತದೆ. ಇವತ್ತೊಂದೇ ದಿನ.

ಇವತ್ತು ನೋಡಿದರೆ ಯಂತ್ರಕ್ಕೆ ಹುಚ್ಚು ಹಿಡಿದಂತಿತ್ತು. ಅದರ ತುದಿಯ ತಟ್ಟೆ ಎಡಕ್ಕೆ ತೂಗಿದರೂ ಕಿರುಚು, ಬಲಕ್ಕೆ ತೂಗಿದರೂ ಕಿರುಚು. ಅಗೆದಳು: ಬಿಯರ್ ಡಬ್ಬಿಯ ಚೂರು. ಗೇಣು ದೂರದಲ್ಲಿ ಮತ್ತೆ ಅಗೆದಳು: ಸುಟ್ಟ ಬ್ಯಾಟರಿ. ಮತ್ತೆ: ಚಾಕೊಲೇಟ್ ಸುತ್ತಿದ ಬೇಗಡೆ.

ಹೆಡ್‌ಫೋನ್ ಕಿತ್ತು ಕುತ್ತಿಗೆಗೆ ಇಳಿಸಿಕೊಂಡಳು. "ಐವರ್, ನಿಂದೂ ಹಿಂಗೇ ಕೂಗ್ತಿದೆಯಾ?"

ಬಸ್ ಓಡಿಸಿ ನಿವೃತ್ತನಾದ ಐವರ್ ಅವಳ ಹುಡುಕಾಟದ ಜೊತೆಗಾರ. "ನನ್ನ ಹೆಂಡ್ತಿಗೆ ಸಿಟ್ಟು ಬಂದಾಗ ಪಾತ್ರೆ ಎತ್ತಿಹಾಕ್ತಾಳಲ್ಲ, ಆ ಥರ" ಎಂದ. ಬಗ್ಗಿ ಒಂದು ಹಿಡಿ ಮಣ್ಣು ಮೂಸಿದ. "ಕೆಟ್ಟೆವು ಕಣೇ. ಊರ ಕಸದ ಗೊಬ್ಬರ. ಜನ ತೋಟದ ಹುಲ್ಲಿನ ಜೊತೆ ಡಬ್ಬಿ, ತಗಡು ಎಲ್ಲಾ ಬಿಸಾಕಿರ್ತಾರೆ. ಅದನ್ನೇ ಅರೆದು ತಂದು ಎರಚಿದಾರೆ."

ಥೆಲ್ಮಾ ಕೂಳೆಗಳ ಮೇಲೆ ಕುಸಿದು ಕೂತಳು. ಇನ್ನು ಈ ಹೊಲ ಅವಳ ಜೀವಮಾನದಲ್ಲಿ ಬಾಯಿ ಮುಚ್ಚುವುದಿಲ್ಲ.

ಹೋದ ವರ್ಷ ಇಲ್ಲೇ ಅವಳಿಗೆ ಒಂದು ಕಂಚಿನ ಕುದುರೆ ಸಿಕ್ಕಿತ್ತು. ರೋಮನ್ನರ ಕಾಲದಲ್ಲಿ ಯಾರೋ ಶಾಲಿಗೆ ಚುಚ್ಚಿಕೊಂಡಿದ್ದ ಅಲಂಕಾರದ ಪಿನ್ನು. ತಲೆ, ಮುಂಗಾಲು, ಕೊರಳ ಮೇಲೆ ನೀಲಿ ಬಣ್ಣದ ಚುಕ್ಕೆ, ಅಷ್ಟೇ. ಬೆನ್ನಿನಿಂದ ಹಿಂದಕ್ಕೆ ಇಲ್ಲ. ಮುರಿದ ಅಂಚು ಹಸಿರುಗಟ್ಟದೆ ಹಳದಿಯಾಗಿ ಹೊಳೆಯುತ್ತಿತ್ತು. ಎಂದರೆ ನೇಗಿಲಿಗೆ ಸಿಕ್ಕಿ ಮುರಿದದ್ದು ಈಚೆಗೆ, ಉಳಿದರ್ಧ ಇಲ್ಲೇ ಸುತ್ತಮುತ್ತ ಇರಲೇಬೇಕು. ಅದನ್ನು ಹುಡುಕಿ, ಎರಡನ್ನೂ ಕೂಡಿಸಿ, ಇಡೀ ಕುದುರೆಯನ್ನು ಹೊಲದೊಡೆಯ ರಾಡ್ನಿ ಲಾರ್ಟರನ ಮೇಜಿನ ಮೇಲೆ ನಿಲ್ಲಿಸಬೇಕು ಎಂಬುದು ಅವಳ ಆಸೆ. ಅಲ್ಲಿಯ ತನಕ ತುಟಿ ಬಿಚ್ಚಿರಲಿಲ್ಲ. ರಾಡ್ನಿಯ ಕಿವಿಗೆ ಬಿದ್ದದ್ದು ಸಂಜೆಗೆ ಪಬ್ಬಿಗೆ ಬೀಳುತ್ತದೆ. ಪಬ್ಬಿಗೆ ಬಿದ್ದರೆ ಕತ್ತಲಾದ ಮೇಲೆ ಕಳ್ಳರು ಯಂತ್ರ ತರುತ್ತಾರೆ. ಹಾಗಾಗಿ ಹುಡುಕುವವರ ಪದ್ಧತಿಯಂತೆ, ಏನು ಸಿಕ್ಕಿತೆಂದು ಯಾರು ಕೇಳಲಿ, ಅವಳದು ಒಂದೇ ಉತ್ತರ: "ಬರೀ ಬಟನ್."

ಅಷ್ಟರಲ್ಲಿ ರಾಡ್ನಿಯ ಜೀಪು ಬಂತು. "ಹೆಂಗಿದೆ ಗೊಬ್ಬರ?" ಎನ್ನುತ್ತಾ ಇಳಿದ. "ಕಪ್ಪಗೆ, ಬೆಣ್ಣೆ ಹಂಗಿದೆ ಅಲ್ವಾ?"

"ರಾಡ್ನಿ, ಇದೇ ಹೊಲ ಬೇಕಿತ್ತಾ ನಿಮಗೆ? ಬೇರೆ ಇರಲಿಲ್ವಾ?"

"ಚರ್ಚ್ ಹಿಂದಿನ ಹೊಲಕ್ಕೇ ಅಂದ್ಕೊಂಡಿದ್ದೆ. ಆಮೇಲೆ, ಪಾಪ, ಅಲ್ಲಿ ನಿನಗೆ ಏನಾದ್ರೂ ಸಿಕ್ಕೀತು ಅಂತ ಬಿಟ್ಟೆ. ಇಲ್ಲೇನಿದೆ? ಬರೀ ಬಟನ್ ಅಂತ ನೀನೇ ತಾನೇ ಹೇಳ್ತಿದ್ದದ್ದು?"

ಐವರ್ ತನ್ನ ಗುದ್ದಲಿಯನ್ನು ಹೊಸದಾಗಿ ಕೊಂಡವನಂತೆ ತಿರುಗಿಸಿ ನೋಡತೊಡಗಿದ.

ಯಾರನ್ನು ಬೈಯುವುದು? ಥೆಲ್ಮಾಳ ಗಂಟಲಲ್ಲಿ ಬೈಗುಳ ತುಂಬಿತ್ತು, ಹಾಕಲು ಜಾಗವಿರಲಿಲ್ಲ. ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದು, ಹತ್ತಿ ಬಿಡಿಸಿ, ಅರ್ಧ ಕುದುರೆಯನ್ನು ಅವನ ಅಂಗೈಗೆ ಹಾಕಿ ಎಲ್ಲವನ್ನೂ ಹೇಳಿದಳು.

ರಾಡ್ನಿ ಹೆಬ್ಬೆರಳಿನಿಂದ ಆ ನೀಲಿ ಚುಕ್ಕೆಯನ್ನು ಸವರಿದ. "ನನ್ನ ಅಡುಗೆಮನೇಲಿ ಕೂತು ನನ್ನ ಟೀ ಕುಡೀತಾ ಕುಡೀತಾ ನೀನು ಇದನ್ನ ಜೇಬಲ್ಲಿ ಇಟ್ಕೊಂಡಿದ್ದೆ."

"ಹೇಳಿದ್ರೆ ನೀವು ಊರಿಗೆಲ್ಲಾ ಸಾರ್ತಿದ್ರಿ."

"ಸಾರ್ತಿದ್ದೆ, ನಿಜ" ಎಂದ ಅವನು. "ಆದ್ರೂ ಹೇಳಬೇಕಿತ್ತು ಮಾರಾಯ್ತಿ. ಹೊಲ ನಂದು."

ಅವನು ಕುದುರೆಯನ್ನು ವಾಪಸು ಕೊಡದೆ ಅಂಗಿಯ ಜೇಬಿಗೆ ಇಳಿಸಿ, ಗುಂಡಿ ಹಾಕಿಕೊಂಡ. ಆಮೇಲೆ ಬೇಲಿಯ ಕಡೆ ಗದ್ದ ಎತ್ತಿ ತೋರಿಸಿದ. "ಆ ವಿದ್ಯುತ್ ತಂತಿ ಕೆಳಗೆ ಎರಚೋ ಗಾಡಿ ತಿರುಗಲ್ಲ. ಒಂದು ಪಟ್ಟಿ ಹಂಗೇ ಉಳಿದಿದೆ. ಬೇಕಾದ್ರೆ ನೋಡು."

ಪಟ್ಟಿ ಅಗಲವಿರಲಿಲ್ಲ, ಎರಡು ಗಾಡಿ ಒಟ್ಟಿಗೆ ಹಿಡಿಯುವಷ್ಟು. ಕುದುರೆ ಸಿಕ್ಕಿದ ಜಾಗಕ್ಕೂ ಅದಕ್ಕೂ ಸಾಕಷ್ಟು ದೂರ. ಆದರೂ ಅಲ್ಲಿ ಯಂತ್ರ ಸುಮ್ಮನಾಯಿತು. ಆ ನಿಶ್ಶಬ್ದಕ್ಕೇ ಥೆಲ್ಮಾಳ ಕಣ್ಣು ತುಂಬಿ ಬಂತು. ಹೆಜ್ಜೆಗೆ ಹೆಜ್ಜೆ ಹಚ್ಚಿ ತೂಗುತ್ತಾ ಹೋದಳು. ರಾಡ್ನಿ ಜೀಪಿಗೆ ಮರಳಲಿಲ್ಲ. ಅವಳ ಬೆನ್ನಿಗೇ ಬಂದ.

ಸ್ಪಷ್ಟವಾದ ದನಿಯೊಂದು ಕೇಳಿತು. ಮಂಡಿಯೂರಿ ಅಗೆದು, ಮಣ್ಣು ಪುಡಿ ಮಾಡಿ, ಸಿಕ್ಕಿದ್ದನ್ನು ಹೆಬ್ಬೆರಳಿನಿಂದ ಒರೆಸಿದಳು.

"ಏನದು?" ರಾಡ್ನಿ ಕೇಳಿದ.

"ಬಟನ್."

"ತೋರಿಸು."

ತೋರಿಸಿದಳು. ಸೈನಿಕರ ಕೋಟಿನ ಹಳೇ ಬಟನ್. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಬಿಸಿಲಿಗೆ ಹಿಡಿದು, ಐವರನ ಕೈಗೆ ಕೊಟ್ಟ. "ನೀನೂ ನೋಡಿ ಹೇಳಪ್ಪಾ. ಬಟನ್ನೇ ತಾನೇ?"

"ಬಟನ್ನೇ" ಎಂದ ಐವರ್.

ಥೆಲ್ಮಾ ಕುಳಿ ಮುಚ್ಚಿ, ಮೆಟ್ಟಿ, ಮುಂದಿನ ಹೆಜ್ಜೆಯಿಟ್ಟಳು. ಹಿಂದೆ ಅವನ ಬೂಟುಗಳೂ ಒಂದು ಹೆಜ್ಜೆ ಸರಿದವು.